ಕಾವಿ ತೊಟ್ಟ ಕಥೋಲಿಕ: ಬ್ರಹ್ಮಬಾಂಧವ ಉಪಾಧ್ಯಾಯರ ಜೀವನ

ಪ್ರತಿ ವರ್ಷ ಆಗಸ್ಟ್ 15ರಂದು ನಮ್ಮ ದೇವಾಲಯದ ಅಂಗಳದಲ್ಲಿ ಎರಡು ಹಬ್ಬಗಳು ಕೂಡಿ ಬರುತ್ತವೆ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಬಲಿಪೂಜೆಯನ್ನು ಮುಗಿಸಿ ಹೊರಬಂದ ಭಕ್ತಾದಿಗಳು ರಾಷ್ಟ್ರಧ್ವಜದ ಸುತ್ತ ನಿಂತು ವಂದನೆ ಸಲ್ಲಿಸಿ, ಮಕ್ಕಳಿಗೆ ಮಿಠಾಯಿ ಹಂಚಿ ಮನೆಗೆ ತೆರಳುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ ಇಂತಹ ಒಂದು ಬೆಳಗ್ಗೆ ನಮ್ಮ ಯುವಕರಲ್ಲೊಬ್ಬನು ದೇವಾಲಯದ ಮೆಟ್ಟಿಲ ಮೇಲೆ ನಮ್ಮನ್ನು ತಡೆದು ನಿಲ್ಲಿಸಿ ಒಂದು ಪ್ರಶ್ನೆಯನ್ನು ಕೇಳಿದನು. ಕ್ರಿಸ್ತರು ಕೊಡುವ ಸ್ವಾತಂತ್ರ್ಯವು ಪಾಪದಿಂದ ಬಿಡುಗಡೆಯಾಗಿದ್ದರೆ, ಈ ಧ್ವಜದ ಸ್ವಾತಂತ್ರ್ಯಕ್ಕೂ ನಮ್ಮ ವಿಶ್ವಾಸಕ್ಕೂ ಸಂಬಂಧವೇನು ಎಂಬುದೇ ಆ ಪ್ರಶ್ನೆ. ಕಾಲೇಜಿನಲ್ಲಿ ಅವನ ಸಹಪಾಠಿಗಳು, ನಿಮ್ಮದು ಪರದೇಶದ ಧರ್ಮವಲ್ಲವೇ ಎಂದು ಕೆಣಕಿದ್ದರಂತೆ. ಹಬ್ಬದ ಗಡಿಬಿಡಿಯಲ್ಲಿ ನಾವು ಏನೋ ಒಂದು ಉತ್ತರವನ್ನು ಕೊಟ್ಟೆವು. ಆ ಉತ್ತರ ಅವನಿಗೂ ತೃಪ್ತಿ ತರಲಿಲ್ಲ, ನಮಗೂ ತರಲಿಲ್ಲ. ಈಗ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮಗೆ ಕೆಲವು ಪುಟಗಳು ದೊರೆತಿರುವುದರಿಂದ, ಇದೇ ಪ್ರಶ್ನೆಯನ್ನು ಜೀವನವಿಡೀ ಹೊತ್ತು ತಿರುಗಿದ ಒಬ್ಬ ಕಥೋಲಿಕರ ಕಥೆಯನ್ನು ನಿರೂಪಿಸಲು ಇಚ್ಛಿಸುತ್ತೇವೆ. ಅವರೇ ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು.

ಅವರ ಹೆಸರನ್ನು ಅರಿಯದವರೂ ಅವರ ಒಂದು ಗೀತೆಯನ್ನು ಕೇಳಿರಬಹುದು. ವಂದೇ ಸಚ್ಚಿದಾನಂದಂ ಎಂದು ಆರಂಭವಾಗುವ ಆ ಸಂಸ್ಕೃತ ಸ್ತುತಿಯನ್ನು ನಾವು ಬೆಂಗಳೂರಿನ ಗುರುಮಠದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಎಷ್ಟೋ ಬಾರಿ ಹಾಡಿದ್ದೇವೆ. ಅದನ್ನು ರಚಿಸಿದವರು ರಾಜದ್ರೋಹದ ಆರೋಪವನ್ನು ಹೊತ್ತು ಸತ್ತವರೆಂಬುದಾಗಲೀ, ಅವರ ಪತ್ರಿಕೆಯನ್ನು ಓದಬಾರದೆಂದು ಧರ್ಮಸಭೆಯ ಅಧಿಕಾರಿಗಳೇ ಒಮ್ಮೆ ಆಜ್ಞಾಪಿಸಿದ್ದರೆಂಬುದಾಗಲೀ ಆಗ ನಮಗೆ ತಿಳಿದಿರಲಿಲ್ಲ.

ಬ್ರಹ್ಮಬಾಂಧವರ ಪೂರ್ವದ ಹೆಸರು ಭವಾನೀಚರಣ ಬಂದ್ಯೋಪಾಧ್ಯಾಯ. ಹೂಗ್ಲಿ ಜಿಲ್ಲೆಯ ಖನ್ಯಾನ್ ಎಂಬ ಗ್ರಾಮದ ಬ್ರಾಹ್ಮಣ ಮನೆತನದಲ್ಲಿ 1861ರ ಫೆಬ್ರವರಿ 11ರಂದು ಜನಿಸಿದರು. ಕವಿ ರವೀಂದ್ರನಾಥರು ಹುಟ್ಟಿದ್ದೂ ಅದೇ ವರ್ಷ. ತಂದೆ ದೇವೀಚರಣರು ಆಂಗ್ಲ ಸರ್ಕಾರದ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಗಳು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಮಗುವನ್ನು ಅಜ್ಜಿಯೇ ಸಾಕಿದರು. ಬಾಲಕನಿಗೆ ಸಂಸ್ಕೃತದ ಸವಿಯೂ ಹತ್ತಿತು, ಇಂಗ್ಲಿಷ್ ಶಾಲೆಯ ವಿದ್ಯೆಯೂ ದೊರೆಯಿತು. ಚಿಕ್ಕಪ್ಪನ ವರಸೆಯ ಕಾಳೀಚರಣ ಬ್ಯಾನರ್ಜಿಯವರು ಕ್ರೈಸ್ತ ವಿಶ್ವಾಸವನ್ನು ಸ್ವೀಕರಿಸಿದ ಪ್ರಾಟೆಸ್ಟೆಂಟರು, ಮುಂದೆ ಕಾಂಗ್ರೆಸ್ಸಿನಲ್ಲಿ ಹೆಸರಾದ ದೇಶಭಕ್ತರು. ಕ್ರಿಸ್ತರನ್ನು ನಂಬಿದವನು ಪರಕೀಯರ ಪಕ್ಷಪಾತಿಯಾಗಲೇಬೇಕಿಲ್ಲ ಎಂಬುದನ್ನು ಭವಾನೀಚರಣನು ತನ್ನ ಮನೆತನದಲ್ಲಿಯೇ ಕಂಡಿದ್ದನು.

ಆದರೆ ಹದಿಹರೆಯದಲ್ಲಿ ಅವನನ್ನು ಸೆಳೆದದ್ದು ಧರ್ಮವಲ್ಲ, ಖಡ್ಗ. ಭಾಷಣಗಳಿಂದಲೂ ಮನವಿಪತ್ರಗಳಿಂದಲೂ ಆಂಗ್ಲರು ಹೊರಡುವವರಲ್ಲವೆಂದು ನಿಶ್ಚಯಿಸಿದ ಆ ವಿದ್ಯಾರ್ಥಿಯು ಯುದ್ಧವಿದ್ಯೆಯನ್ನು ಕಲಿಯಲೆಂದು ಮನೆಯವರಿಗೆ ತಿಳಿಸದೆ ಗ್ವಾಲಿಯರ್ ಸಂಸ್ಥಾನದ ಸೈನ್ಯವನ್ನು ಸೇರಲು ಹೊರಟೇಬಿಟ್ಟನು. ಹಿಡಿದು ತಂದರೂ ಮತ್ತೊಮ್ಮೆ ಹೋದನು. ಅಲ್ಲಿ ಕಂಡ ಸೈನ್ಯವು ಅವನ ಕನಸಿನ ಸೈನ್ಯವಾಗಿರಲಿಲ್ಲ. ಹತಾಶನಾಗಿ ಕಲ್ಕತ್ತೆಗೆ ಮರಳಿ ಜನರಲ್ ಅಸೆಂಬ್ಲೀಸ್ ಸಂಸ್ಥೆಯಲ್ಲಿ ಓದಿದನು. ಮುಂದೆ ವಿವೇಕಾನಂದರೆಂದು ಲೋಕಪ್ರಸಿದ್ಧರಾದ ನರೇಂದ್ರನಾಥ ದತ್ತರು ಅದೇ ಕಾಲೇಜಿನಲ್ಲಿದ್ದರು. ಬಾಲ್ಯದ ಈ ಖಡ್ಗದ ಕನಸನ್ನು ಓದುಗರು ನೆನಪಿನಲ್ಲಿಡಬೇಕು. ಅದು ಮುಂದೆ ಮತ್ತೊಮ್ಮೆ ತಲೆಯೆತ್ತಲಿದೆ.

ಕೇಶವಚಂದ್ರ ಸೇನರ ಬ್ರಾಹ್ಮಸಮಾಜದಲ್ಲಿ ಯೇಸುಕ್ರಿಸ್ತರ ಮೇಲೆ ಗಾಢವಾದ ಪ್ರೀತಿಯಿತ್ತು. 1884ರಲ್ಲಿ ಕೇಶವರು ತೀರಿಕೊಂಡ ಬಳಿಕ, 1887ರಲ್ಲಿ ಭವಾನೀಚರಣರು ಆ ಸಮಾಜವನ್ನು ಸೇರಿ ಮರುವರ್ಷ ಬೋಧಕರಾಗಿ ಸಿಂಧ್ ಪ್ರಾಂತದ ಹೈದರಾಬಾದಿಗೆ ಹೋದರು. (ಇದು ಈಗ ಪಾಕಿಸ್ತಾನದಲ್ಲಿರುವ ಹೈದರಾಬಾದು, ನಿಜಾಮರದಲ್ಲ.) ಅಲ್ಲಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಮುಲ್ತಾನಿನಲ್ಲಿದ್ದ ತಂದೆಯವರು ಕಾಯಿಲೆ ಬಿದ್ದ ಸುದ್ದಿ ಬಂದಿತು. ಮರಣಶಯ್ಯೆಯಲ್ಲಿದ್ದ ತಂದೆಯ ಶುಶ್ರೂಷೆಗೆಂದು ಹೋದ ಮಗನ ಕೈಗೆ ಕಥೋಲಿಕ ವಿಶ್ವಾಸವನ್ನು ವಿವರಿಸುವ ಒಂದು ಪುಸ್ತಕವು ಸಿಕ್ಕಿತು. ಕ್ರಿಸ್ತರು ಗುರುಗಳಲ್ಲಿ ಒಬ್ಬರಲ್ಲ, ದೇವರೇ ಮನುಷ್ಯರಾಗಿ ಬಂದವರು ಎಂಬ ನಿರ್ಧಾರಕ್ಕೆ ಅವರು ಬಂದದ್ದು ಈ ದಿನಗಳಲ್ಲಿಯೇ. 1891ರ ಫೆಬ್ರವರಿ 26ರಂದು ಆಂಗ್ಲಿಕನ್ ಪಾದ್ರಿಯೊಬ್ಬರಿಂದ ಜ್ಞಾನಸ್ನಾನ ಪಡೆದರಾದರೂ ಆ ಸಭೆಯನ್ನು ಸೇರಲು ಒಪ್ಪಲಿಲ್ಲ. ಆಳುವವರ ಧರ್ಮಸಭೆಯಲ್ಲಿ ಆಳಿಸಿಕೊಳ್ಳುವವನಾಗಿ ನಿಲ್ಲುವುದು ಅವರ ಮನಸ್ಸಿಗೆ ಒಗ್ಗಿರಲಾರದು ಎಂಬುದು ನಮ್ಮ ಊಹೆ. ಅದೇ ವರ್ಷದ ಸೆಪ್ಟೆಂಬರ್ 1ರಂದು ಅವರು ಕಥೋಲಿಕ ಧರ್ಮಸಭೆಯನ್ನು ಪ್ರವೇಶಿಸಿದರು.

ಜ್ಞಾನಸ್ನಾನದಲ್ಲಿ ಆರಿಸಿಕೊಂಡ ಹೆಸರು ಥಿಯೋಫಿಲಸ್, ಅಂದರೆ ದೇವರ ಮಿತ್ರ. ಕೆಲಕಾಲದ ನಂತರ ಅದನ್ನೇ ಭಾರತೀಯ ನುಡಿಗೆ ತಂದು ಬ್ರಹ್ಮಬಾಂಧವ ಎಂದು ಇಟ್ಟುಕೊಂಡರು. ಮನೆತನದ ಹೆಸರಿನಲ್ಲಿಯೂ ಒಂದು ಬದಲಾವಣೆ ಮಾಡಿಕೊಂಡರು. ಬಂದ್ಯೋಪಾಧ್ಯಾಯ ಎಂಬಲ್ಲಿ ಬಂದ್ಯ ಎಂದರೆ ವಂದ್ಯ, ವಂದನೆಗೆ ಅರ್ಹನಾದವನು. ಜನರಿಂದ ತಿರಸ್ಕೃತರಾಗಿ ಶಿಲುಬೆಯನ್ನೇರಿದ ಪ್ರಭುವಿನ ಶಿಷ್ಯನಿಗೆ ವಂದ್ಯನೆಂಬ ಬಿರುದು ತರವಲ್ಲವೆಂದು ಅದನ್ನು ಕತ್ತರಿಸಿ ಹಾಕಿ, ಬರಿಯ ಉಪಾಧ್ಯಾಯರಾಗಿ ಉಳಿದರು. ಈ ಸಣ್ಣ ಸಂಗತಿಯು ನಮಗೆ ಬಹಳ ಪ್ರಿಯವಾದುದು. ಬಿರುದುಗಳನ್ನು ಕೂಡಿಸಿಕೊಳ್ಳುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ, ಗುರುವರ್ಗದಲ್ಲಿಯೂ ಕಂಡಿದ್ದೇವೆ. ಇದ್ದುದನ್ನು ಕಳೆದುಕೊಂಡವರು ವಿರಳ.

1894ರ ಡಿಸೆಂಬರಿನಲ್ಲಿ ಅವರು ಕಾವಿಯುಟ್ಟು ಸಂನ್ಯಾಸಿಯಾದರು. ಕೊರಳಲ್ಲಿ ಶಿಲುಬೆ, ಬರಿಗಾಲು, ಭಿಕ್ಷಾನ್ನ. ಕಾವಿಯುಟ್ಟವರು ದೇವಾಲಯದೊಳಗೆ ಬಂದುದನ್ನು ಕಂಡು ಕೆಲವರು ಬೆಚ್ಚಿದರು, ಆಕ್ಷೇಪವೂ ಎದ್ದಿತು. ಆಗ ಅವರು ಧರ್ಮಾಧ್ಯಕ್ಷರಿಗೆ ಮೊರೆಯಿಟ್ಟು ಅನುಮತಿಯನ್ನು ಪಡೆಯಬೇಕಾಯಿತು. ಇದರಲ್ಲಿ ಹೊಸದೇನೂ ಇರಲಿಲ್ಲವೆಂಬುದನ್ನು ನಮ್ಮ ಕನ್ನಡನಾಡಿನ ಕಥೋಲಿಕರಾದರೂ ಬಲ್ಲರು. 17ನೆಯ ಶತಮಾನದಲ್ಲಿ ಮಧುರೆಯ ರಾಬರ್ಟ್ ದೆ ನೊಬಿಲಿಯವರು ತೋರಿದ ದಾರಿಯಲ್ಲಿಯೇ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಸಂನ್ಯಾಸಿಯ ವೇಷದಲ್ಲಿದ್ದುಕೊಂಡು ಮೈಸೂರು ಧರ್ಮಪ್ರಚಾರಕ್ಕೆ ಬುನಾದಿ ಹಾಕಿದ್ದರಷ್ಟೆ. ವಿದೇಶದಿಂದ ಬಂದ ಗುರುಗಳು ಕಾವಿಯುಟ್ಟರೆ ಅದು ಧರ್ಮಪ್ರಚಾರದ ಜಾಣ್ಮೆ, ಈ ನೆಲದಲ್ಲಿ ಹುಟ್ಟಿದವನು ಉಟ್ಟರೆ ಅನುಮಾನ! ಇಂದಿಗೂ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ.

ಅದೇ ವರ್ಷ ಕರಾಚಿಯಲ್ಲಿ ಅವರು ಸೋಫಿಯಾ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಅದರಲ್ಲಿ ಕ್ರಮೇಣ ಸ್ಪಷ್ಟವಾದ ಅವರ ವಿಚಾರವನ್ನು ಹೀಗೆ ಸಂಗ್ರಹಿಸಬಹುದು. ಮನುಷ್ಯನಿಗೆ ಎರಡು ಜನ್ಮಗಳಿವೆ. ಒಂದು ಜನ್ಮದಿಂದ ಅವನು ತನ್ನ ನೆಲ, ನುಡಿ, ಆಚಾರಗಳಿಗೆ ಸೇರುತ್ತಾನೆ. ಜ್ಞಾನಸ್ನಾನವೆಂಬ ಮರುಜನ್ಮದಿಂದ ಕ್ರಿಸ್ತರಿಗೆ ಸೇರುತ್ತಾನೆ. ಮರುಜನ್ಮವು ಮೊದಲನೆಯದನ್ನು ಶುದ್ಧಗೊಳಿಸುತ್ತದೆಯೇ ಹೊರತು ಅಳಿಸಿಹಾಕುವುದಿಲ್ಲ. ಆದುದರಿಂದ ತಾವು ಹುಟ್ಟಿನಿಂದ ಹಿಂದೂ, ಸಂಸ್ಕಾರದಿಂದ ಕಥೋಲಿಕ ಎಂದು 1898ರಲ್ಲಿ ಧೈರ್ಯವಾಗಿ ಬರೆದರು. ಸಂತ ಪೌಲರು ಗಲಾತ್ಯದವರಿಗೆ ಬರೆದ ಪತ್ರವನ್ನು ಓದಿದವರಿಗೆ ಈ ವಾದದ ಬೇರು ಎಲ್ಲಿದೆಯೆಂದು ತಿಳಿಯುತ್ತದೆ. ಕ್ರಿಸ್ತರ ಶಿಷ್ಯರಾಗಬೇಕಾದರೆ ಮೊದಲು ಯೆಹೂದ್ಯರಾಗಬೇಕೆಂದು ಒತ್ತಾಯಿಸಿದವರನ್ನು ಪೌಲರು ಎದುರಿಸಿ ನಿಂತರು. ಕಥೋಲಿಕರಾಗಲು ಮೊದಲು ಯುರೋಪಿಯನರಾಗಬೇಕೇ ಎಂಬುದು ಉಪಾಧ್ಯಾಯರ ಪ್ರಶ್ನೆ. ಆತ್ಮದ ಸ್ವಾತಂತ್ರ್ಯವನ್ನು ಅವರು ಅರ್ಥಮಾಡಿಕೊಂಡದ್ದು ಮೊದಲು ಈ ರೀತಿಯಲ್ಲಿ.

ಸಚ್ಚಿದಾನಂದ ಗೀತೆಯೂ 1898ರ ಅಕ್ಟೋಬರಿನಲ್ಲಿ ಸೋಫಿಯಾದಲ್ಲಿಯೇ ಬೆಳಕು ಕಂಡಿತು. ಪಿತನನ್ನು ಸತ್ ಎಂದೂ, ಸುತನನ್ನು ಚಿತ್ ಎಂದೂ, ಪವಿತ್ರಾತ್ಮರನ್ನು ಆನಂದವೆಂದೂ ಧ್ಯಾನಿಸುವ ಆ ಸ್ತುತಿಯಲ್ಲಿ ತ್ರಿತ್ವದ ರಹಸ್ಯವು ಈ ನೆಲದ ಋಷಿಗಳ ಮಾತಿನಲ್ಲಿ ಮೈದಳೆದಿದೆ. ದೈವಶಾಸ್ತ್ರದ ದೃಷ್ಟಿಯಿಂದ ಅದರಲ್ಲಿ ಕುಂದಿಲ್ಲವೆಂಬುದನ್ನು ಬಲ್ಲವರು ಒಪ್ಪಿದ್ದಾರೆ. ಸಂತ ತೋಮಸ್ ಅಕ್ವಿನಾಸರ ತತ್ತ್ವವನ್ನೂ ಶಂಕರರ ವೇದಾಂತವನ್ನೂ ಹತ್ತಿರ ತರುವ ಅವರ ಬರಹಗಳ ವಿಷಯ ಬೇರೆ. ಅವು ಪಂಡಿತರ ಚರ್ಚೆಗೆ ಬಿಟ್ಟದ್ದು, ಇಲ್ಲಿ ಅದರ ಗೋಜು ಬೇಡ.

1899ರಲ್ಲಿ ಜಬ್ಬಲ್‌ಪುರದ ಬಳಿ ನರ್ಮದಾ ತೀರದಲ್ಲಿ ಕಥೋಲಿಕ ಮಠವೊಂದನ್ನು ಸ್ಥಾಪಿಸಲು ಅವರು ಹೊರಟರು. ಭಾರತೀಯ ಸಂನ್ಯಾಸಿಗಳಂತೆ ಬಾಳುವ ಕಥೋಲಿಕ ಸನ್ಯಾಸಿಗಳನ್ನು ತಯಾರಿಸುವ ಸಂಕಲ್ಪ ಅದು. ಜಗದ್ಗುರುಗಳ ಪ್ರತಿನಿಧಿಗಳಾಗಿದ್ದ ಲಾದಿಸ್ಲಾಸ್ ಝಲೆಸ್ಕಿಯವರು ಅದನ್ನು ಒಪ್ಪಲಿಲ್ಲ. ಮಠ ನಿಂತುಹೋಯಿತು. ಮರುವರ್ಷ ಕಲ್ಕತ್ತೆಯಲ್ಲಿ ವಾರಪತ್ರಿಕೆಯಾಗಿ ಸೋಫಿಯಾ ಮತ್ತೆ ಹೊರಟಾಗ, ಕಥೋಲಿಕರು ಅದನ್ನು ಓದಬಾರದೆಂಬ ನಿಷೇಧ ಬಂದಿತು. ಅದರ ಸ್ಥಾನದಲ್ಲಿ 1901ರಲ್ಲಿ ಹೊರಟ ಇನ್ನೊಂದು ಪತ್ರಿಕೆಗೂ ಅದೇ ಗತಿ ಒದಗಿತು. ಅಧಿಕಾರಿಗಳ ಭಯವು ನಮಗೆ ಅರ್ಥವಾಗದ್ದಲ್ಲ. ವಿಶ್ವಾಸದ ನಿಧಿಯನ್ನು ಕಾಯುವುದು ಅವರ ಹೊಣೆಯಾಗಿತ್ತು, ವೇದಾಂತದ ಹೆಸರೆತ್ತಿದರೆ ಕಳವಳವಾಗುವ ಕಾಲವದು. ಆದರೂ ನಾವು ಮುಚ್ಚುಮರೆಯಿಲ್ಲದೆ ಹೇಳಬೇಕು: ಅಲ್ಲಿ ಒಬ್ಬ ಮಗನು ತಂದೆಯ ಮನೆಯೊಳಗೆ ಕೋಣೆಯೊಂದನ್ನು ಕೇಳಿದ್ದನು, ಮನೆಯವರು ಬಾಗಿಲು ಹಾಕಿಕೊಂಡರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1962ರಿಂದ 1965ರವರೆಗೆ ಸೇರಿ ದೇಶದೇಶದ ಸಂಸ್ಕೃತಿಗಳನ್ನು ಗೌರವದಿಂದ ಕಾಣಲು ಧರ್ಮಸಭೆಗೆ ಕಲಿಸುವ ಹೊತ್ತಿಗೆ ಉಪಾಧ್ಯಾಯರು ಸತ್ತು ಅರ್ಧ ಶತಮಾನಕ್ಕೂ ಮೀರಿತ್ತು.

ಧರ್ಮಸಭೆಯೊಳಗೆ ಕೆಲಸವಿಲ್ಲದಂತಾದ ಸಂನ್ಯಾಸಿಯು ಶಿಕ್ಷಣದತ್ತ ತಿರುಗಿದರು. 1901ರ ಡಿಸೆಂಬರಿನಲ್ಲಿ ರವೀಂದ್ರನಾಥರು ಶಾಂತಿನಿಕೇತನದಲ್ಲಿ ಶಾಲೆಯನ್ನು ತೆರೆದಾಗ ಅವರ ಬಲಗೈಯಂತೆ ನಿಂತವರು ಇವರು ಮತ್ತು ಇವರ ಸಿಂಧೀ ಶಿಷ್ಯ, ಕಥೋಲಿಕರಾದ ರೇವಾಚಂದರು. ಈ ರೇವಾಚಂದರೇ ಮುಂದೆ ಅಣಿಮಾನಂದರೆಂದು ಹೆಸರಾದರು. ಕವಿಯನ್ನು ಗುರುದೇವ ಎಂದು ಮೊದಲು ಕರೆದವರು ಉಪಾಧ್ಯಾಯರೇ ಎಂಬ ಪ್ರತೀತಿಯಿದೆ. ಈ ಸಹಯೋಗವು ಒಂದು ವರ್ಷವೂ ಬಾಳಲಿಲ್ಲ. 1902ರ ಜುಲೈನಲ್ಲಿ ವಿವೇಕಾನಂದರು ತೀರಿಕೊಂಡ ವಾರ್ತೆಯಿಂದ ಕಲಕಿಹೋದ ಉಪಾಧ್ಯಾಯರು, ಕೈಯಲ್ಲಿ ಅಲ್ಪ ಹಣವನ್ನಿಟ್ಟುಕೊಂಡು ಇಂಗ್ಲೆಂಡಿಗೆ ಹಡಗನ್ನೇರಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜುಗಳಲ್ಲಿ ಹಿಂದೂ ದರ್ಶನವನ್ನು ಕುರಿತು ಉಪನ್ಯಾಸಗಳನ್ನು ಮಾಡಿ 1903ರಲ್ಲಿ ಮರಳಿದರು.

ಮರಳಿದವರು ಬೇರೆಯೇ ಮನುಷ್ಯರಾಗಿದ್ದರು. ದೇಶವು ಗುಲಾಮಗಿರಿಯಲ್ಲಿರುವವರೆಗೆ ಆತ್ಮವೂ ತಲೆಯೆತ್ತಿ ನಿಲ್ಲಲಾರದು, ತನ್ನನ್ನು ತಾನೇ ಹೀನನೆಂದು ನಂಬಿದ ಜನಾಂಗವು ಕ್ರಿಸ್ತರನ್ನು ಕೂಡ ಪರರ ದೇವರೆಂದೇ ಕಾಣುವುದು ಎಂಬ ನಿಲುವು ಅವರಲ್ಲಿ ಗಟ್ಟಿಯಾಗಿತ್ತು. 1904ರಲ್ಲಿ ಸಂಧ್ಯಾ ಎಂಬ ಬಂಗಾಳಿ ದಿನಪತ್ರಿಕೆಯನ್ನು ಹೊರಡಿಸಿದರು. ವೇದಾಂತವನ್ನು ಬರೆದ ಅದೇ ಲೇಖನಿಯು ಈಗ ಬೀದಿಯ ಮಾತನ್ನು, ಅಂಗಡಿಯವನ ಹಾಸ್ಯವನ್ನು, ಹಳ್ಳಿಗನ ಬೈಗುಳವನ್ನು ಹಿಡಿಯಿತು. 1905ರ ಅಕ್ಟೋಬರಿನಲ್ಲಿ ಬಂಗಾಳವು ಇಬ್ಭಾಗವಾದಾಗ ಸಂಧ್ಯಾದ ಪುಟಗಳು ಬೆಂಕಿಯನ್ನೇ ಕಾರಿದವು. ಆಂಗ್ಲರನ್ನು ಅದು ಫಿರಂಗಿಗಳೆಂದೇ ಕರೆಯುತ್ತಿತ್ತು. ಪರಂಗಿಯವರ ಜಾತಿ ಎಂಬ ಮಾತಿನಿಂದ ನಮ್ಮ ಹಿರಿಯರು ಹಳ್ಳಿಗಳಲ್ಲಿ ಎಷ್ಟು ನೊಂದರೆಂಬುದನ್ನು ಬಲ್ಲ ನಮಗೆ, ಒಬ್ಬ ಕಥೋಲಿಕನ ಲೇಖನಿಯಿಂದ ಆ ಶಬ್ದವು ಹೀಗೆ ತಿರುಗಿ ಹಾರಿದ್ದು ವಿಸ್ಮಯವನ್ನುಂಟುಮಾಡುತ್ತದೆ. ಅರೆ ಸ್ವಾತಂತ್ರ್ಯವನ್ನಲ್ಲ, ಪೂರ್ಣ ಸ್ವಾತಂತ್ರ್ಯವನ್ನೇ ಬಹಿರಂಗವಾಗಿ ಕೇಳಿದ ಮೊದಲಿಗರ ಸಾಲಿನಲ್ಲಿ ಅವರು ನಿಲ್ಲುತ್ತಾರೆ.

ಇಲ್ಲಿಗೆ ಬಂದಾಗ ನಮ್ಮ ಮೆಚ್ಚುಗೆಯನ್ನು ತಡೆದು ಎರಡು ಮಾತು ಹೇಳದೆ ವಿಧಿಯಿಲ್ಲ. ಮೊದಲನೆಯದು, ದೇಶದ ಹಿರಿಮೆಯನ್ನು ಎತ್ತಿಹಿಡಿಯುವ ಭರದಲ್ಲಿ ಉಪಾಧ್ಯಾಯರು ವರ್ಣಾಶ್ರಮ ವ್ಯವಸ್ಥೆಯನ್ನೂ ಸಮರ್ಥಿಸಿದರು. ಹೊರಗಿನವರ ಸಂಕೋಲೆಯನ್ನು ಕಂಡ ಕಣ್ಣಿಗೆ ಒಳಗಿನ ಸಂಕೋಲೆ ಕಾಣಿಸಲಿಲ್ಲ. ಈ ದೇವಾಲಯದ ಗೋಡೆಗೆ ಕಲ್ಲು ಹೊತ್ತವರು ಯಾರು, ಊರ ಬಾವಿಯಿಂದ ದೂರವಿಡಲ್ಪಟ್ಟಿದ್ದವರು ಯಾರು ಎಂಬುದನ್ನು ನಮ್ಮ ಹಿರಿಯ ಭಕ್ತಾದಿಗಳು ಬಲ್ಲರು. ದಾಸನೆಂದೂ ಸ್ವತಂತ್ರನೆಂದೂ ಕ್ರಿಸ್ತರಲ್ಲಿ ಭೇದವಿಲ್ಲವೆಂದು ಸಾರಿದ್ದು ಅವರು ಓದಿದ್ದ ಅದೇ ಗಲಾತ್ಯದ ಪತ್ರವಲ್ಲವೇ? ಪತ್ರದ ಒಂದು ಅರ್ಧವನ್ನು ಅವರು ನಮಗಿಂತ ಚೆನ್ನಾಗಿ ಓದಿದರು, ಇನ್ನೊಂದು ಅರ್ಧವನ್ನು ಓದಲಿಲ್ಲ. ಜಾತಿಯನ್ನು ಪೂಜಾಪೀಠದ ತನಕ ತಂದ ನಮ್ಮ ಧರ್ಮಕೇಂದ್ರಗಳಿಗೆ ಅವರನ್ನು ದೂರುವ ಹಕ್ಕೆಷ್ಟಿದೆ ಎಂಬುದೂ ಯೋಚಿಸತಕ್ಕ ವಿಷಯವೇ.

ಎರಡನೆಯದು ದ್ವೇಷ. ಅನ್ಯಾಯದ ಮೇಲಿನ ಕೋಪ ಬೇರೆ, ಒಂದು ಜನಾಂಗದ ಮೇಲಿನ ಹಗೆ ಬೇರೆ. ಸಂಧ್ಯಾದ ಪುಟಗಳಲ್ಲಿ ಇವೆರಡರ ನಡುವಣ ಗೆರೆ ಅಳಿಸಿಹೋಗಿತ್ತು. ಗ್ವಾಲಿಯರಿಗೆ ಓಡಿದ ಹುಡುಗನು ಸಂನ್ಯಾಸಿಯ ಕಾವಿಯೊಳಗಿಂದ ಮತ್ತೆ ಎದ್ದು ಬಂದಿದ್ದನು. ಬಹಳ ಕಾಲದ ನಂತರ, 1934ರಲ್ಲಿ, ರವೀಂದ್ರನಾಥರು ತಮ್ಮ ಚಾರ್ ಅಧ್ಯಾಯ ಕಾದಂಬರಿಯ ಮುನ್ನುಡಿಯಲ್ಲಿ ಒಂದು ಭೇಟಿಯನ್ನು ನೆನೆದರು. ದೀರ್ಘಕಾಲದ ಅಗಲಿಕೆಯ ತರುವಾಯ ಒಂದು ದಿನ ಉಪಾಧ್ಯಾಯರು ಕವಿಯ ಮನೆಗೆ ಬಂದು ಮಾತನಾಡಿ, ಹೊರಡುವಾಗ ಹೊಸ್ತಿಲಲ್ಲಿ ತಿರುಗಿ ನಿಂತು, ತಾವು ಬಹಳ ಕೆಳಗೆ ಬಿದ್ದಿರುವುದಾಗಿ ಹೇಳಿ ಹೊರಟುಹೋದರೆಂದು. ಈ ಬರಹವು ಬಂಗಾಳದಲ್ಲಿ ದೊಡ್ಡ ವಿವಾದವನ್ನೆಬ್ಬಿಸಿತು, ಅನೇಕರು ನಂಬಲಿಲ್ಲ, ಮುಂದಿನ ಮುದ್ರಣದಿಂದ ಆ ಮುನ್ನುಡಿಯನ್ನು ಕವಿಗಳು ತೆಗೆದರು. ಅನೇಕ ವರ್ಷಗಳಿಂದ ಪಾಪನಿವೇದನೆಯ ಪೀಠದಲ್ಲಿ ಕುಳಿತಿರುವ ನಮಗೆ ಅದು ಅಸಂಭವವೆಂದು ತೋರುವುದಿಲ್ಲ. ಪರರ ಆಳ್ವಿಕೆಯಿಂದ ಬಿಡುಗಡೆಯನ್ನು ಬಯಸಿ ಹೋರಾಡುವವನು ಆ ಹೋರಾಟದಲ್ಲಿಯೇ ಹಗೆಗೆ ಅಡಿಯಾಳಾಗಬಹುದು. ಅದನ್ನು ಮೊದಲು ಗುರುತಿಸುವವನೂ ಅವನೇ ಆಗಿರುತ್ತಾನೆ.

1904ರಲ್ಲಿ ಕಲ್ಕತ್ತೆಯ ತಮ್ಮ ಶಾಲೆಯಲ್ಲಿ ಸರಸ್ವತೀ ಪೂಜೆಗೆ ಅವಕಾಶ ಕೊಟ್ಟಾಗ, ಪ್ರಾಣದಂತಿದ್ದ ಶಿಷ್ಯ ಅಣಿಮಾನಂದರು ಮನನೊಂದು ದೂರವಾದರು. 1907ರ ಆಗಸ್ಟಿನಲ್ಲಿ, ಸಮುದ್ರ ದಾಟಿ ಪರದೇಶೀಯರೊಡನೆ ಉಂಡದ್ದಕ್ಕಾಗಿ ಶಾಸ್ತ್ರೋಕ್ತವಾಗಿ ಪ್ರಾಯಶ್ಚಿತ್ತವನ್ನು ಮಾಡಿಕೊಂಡರು. ಇದರಿಂದ ಅವರು ಕ್ರಿಸ್ತರನ್ನು ತೊರೆದರೇ? ಪಂಡಿತರಲ್ಲಿ ಒಮ್ಮತವಿಲ್ಲ. ಸಮಾಜದ ಆಚಾರ ಒಂದು, ಮುಕ್ತಿಯ ಸಾಧನೆ ಇನ್ನೊಂದು, ಮೊದಲನೆಯದರಲ್ಲಿ ತಾವು ಹಿಂದೂ, ಎರಡನೆಯದರಲ್ಲಿ ಕ್ರಿಸ್ತರ ಶಿಷ್ಯ ಎಂಬುದು ಅವರ ಹಳೆಯ ವಾದ. ಗುರುವಿನಿಂದ ನೊಂದು ಅಗಲಿದ್ದ ಅಣಿಮಾನಂದರೇ, ಅವರು ಕೊನೆಯವರೆಗೂ ಕ್ರಿಸ್ತರನ್ನು ಬಿಡಲಿಲ್ಲವೆಂದು ದೃಢವಾಗಿ ನಂಬಿದ್ದರು. ನಾವು ಆ ಶಿಷ್ಯರ ಸಾಕ್ಷ್ಯಕ್ಕೆ ಬೆಲೆ ಕೊಡುತ್ತೇವೆ. ಆದರೆ ಆಚಾರವನ್ನೂ ವಿಶ್ವಾಸವನ್ನೂ ಹೀಗೆ ಎರಡು ಪೆಟ್ಟಿಗೆಗಳಲ್ಲಿ ಇಟ್ಟು ಬೀಗ ಹಾಕಬಹುದೆಂಬುದನ್ನು ನಾವು ಒಪ್ಪಲಾರೆವು. ಜ್ಞಾನಸ್ನಾನದ ನೀರು ಇಡೀ ಮನುಷ್ಯನ ಮೇಲೆ ಬೀಳುತ್ತದೆ.

1907ರ ಸೆಪ್ಟೆಂಬರ್ 10ರಂದು ರಾಜದ್ರೋಹದ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಚಿತ್ತರಂಜನ ದಾಸರು ಅವರ ವಕೀಲರಾಗಿ ನಿಂತರು. ಆದರೆ ಆಪಾದಿತರು ತಮ್ಮ ಪರವಾಗಿ ವಾದಿಸುವುದಕ್ಕೇ ಅವಕಾಶ ಕೊಡಲಿಲ್ಲ. ಪತ್ರಿಕೆಯ ಪೂರ್ಣ ಹೊಣೆ ತಮ್ಮದೆಂದು ಒಪ್ಪಿಕೊಂಡು, ಸ್ವರಾಜ್ಯದ ಕಾರ್ಯವು ದೇವರು ನೇಮಿಸಿದ್ದು, ಅದರಲ್ಲಿ ತಮ್ಮ ಅಲ್ಪ ಪಾಲಿಗಾಗಿ ತಮ್ಮನ್ನು ಆಳುತ್ತಿರುವ ಪರಕೀಯರಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲವೆಂಬ ಹೇಳಿಕೆಯನ್ನು ನ್ಯಾಯಾಲಯಕ್ಕೆ ಸಲ್ಲಿಸಿ ವಿಚಾರಣೆಯಿಂದ ದೂರ ನಿಂತರು. ಗಾಂಧೀಜಿಯವರು 1922ರಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ನಿಂತದ್ದಕ್ಕೆ 15 ವರ್ಷಗಳ ಮೊದಲಿನ ಸಂಗತಿಯಿದು. ಹೇಳಿಕೆಯಲ್ಲಿ ದೇವರ ಹೆಸರು ಬಂದುದನ್ನು ಗಮನಿಸಬೇಕು. ದೇಶದ ಬಿಡುಗಡೆಯನ್ನು ಅವರು ಕೊನೆಯವರೆಗೂ ಕಂಡದ್ದು ದೇವರ ಕೆಲಸವೆಂದೇ.

ತಾವು ಫಿರಂಗಿಯವರ ಸೆರೆಮನೆಗೆ ಕೈದಿಯಾಗಿ ಹೋಗುವವರಲ್ಲವೆಂದು ಅವರು ಹೇಳುತ್ತಿದ್ದರಂತೆ. ಹಾಗೆಯೇ ಆಯಿತು. ವಿಚಾರಣೆ ನಡೆಯುತ್ತಿರುವಾಗಲೇ ಅಂಡವಾಯುವಿನ ಬೇನೆ ಉಲ್ಬಣಿಸಿ ಕಲ್ಕತ್ತೆಯ ಕ್ಯಾಂಬೆಲ್ ಆಸ್ಪತ್ರೆಗೆ ಸೇರಿಸಬೇಕಾಯಿತು. ಶಸ್ತ್ರಚಿಕಿತ್ಸೆಯ ಬಳಿಕ ಧನುರ್ವಾಯು ತಗುಲಿ, 1907ರ ಅಕ್ಟೋಬರ್ 27ರಂದು ತಮ್ಮ 46ನೆಯ ವಯಸ್ಸಿನಲ್ಲಿ ಪ್ರಾಣಬಿಟ್ಟರು. ಸಾವಿರಾರು ಜನರು ಹಿಂಬಾಲಿಸಿದ ಮೆರವಣಿಗೆಯಲ್ಲಿ ದೇಹವನ್ನು ಸ್ಮಶಾನಕ್ಕೆ ಒಯ್ದು ಹಿಂದೂ ವಿಧಿಯಂತೆ ದಹಿಸಲಾಯಿತು. ಕಥೋಲಿಕರ ಸ್ಮಶಾನದಲ್ಲಿ ಅವರಿಗೆ ಸಮಾಧಿಯಿಲ್ಲ. ಅಣಿಮಾನಂದರು ತಮ್ಮ ವೃದ್ಧಾಪ್ಯದವರೆಗೂ ಗುರುವಿನ ಕಾಗದಪತ್ರಗಳನ್ನು ಕೂಡಿಹಾಕಿ ಬರೆದ ಜೀವನಚರಿತ್ರೆಯು 1940ರ ದಶಕದಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಅವರ ಗೀತೆಯು ಮಾತ್ರ ಧರ್ಮಸಭೆಯ ಮಡಿಲಿಗೆ ಮರಳಿತು. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರದಂತಹ ಕಡೆಗಳಿಂದ ಅದು ಗುರುಮಠಗಳಿಗೂ ಧರ್ಮಕೇಂದ್ರಗಳಿಗೂ ಹಬ್ಬಿತು. ನಮ್ಮ ಶತಮಾನೋತ್ಸವದ ಕೃತಜ್ಞತಾ ಬಲಿಪೂಜೆಯಲ್ಲಿಯೂ ಅದನ್ನು ಹಾಡಿಸಬೇಕೆಂದು ನಾವು ಗಾನವೃಂದದವರಿಗೆ ತಿಳಿಸಿದ್ದೇವೆ. ಸಂಸ್ಕೃತದ ಉಚ್ಚಾರಣೆ ನಾಲಗೆಗೆ ಹತ್ತುತ್ತಿಲ್ಲವೆಂದು ಅವರ ದೂರು. ಮೆಟ್ಟಿಲ ಮೇಲೆ ನಮ್ಮನ್ನು ಪ್ರಶ್ನಿಸಿದ ಆ ಯುವಕನು ಈಗ ಗಾನವೃಂದದಲ್ಲಿ ತಬಲ ನುಡಿಸುತ್ತಾನೆ. ಅವನೇ ಮುಂದೆ ನಿಂತು, ಹಬ್ಬದವರೆಗೆ ಪ್ರತಿ ಗುರುವಾರ ಸಂಜೆ ಜಪಸರದ ನಂತರ ಅಭ್ಯಾಸಕ್ಕೆ ಬರಬೇಕೆಂದು ಎಲ್ಲರಿಗೂ ಹೇಳಿಕಳುಹಿಸಿದ್ದಾನೆ.